ನೀರಿನ ಕೆಳಗಿನ ಮೈ

ಕಳೆದ ಶ್ರಾವಣ ಮಾಸದಲ್ಲಿ ಬೆಂಗಳೂರಿನ ಹನುಮಂತನಗರದ ಸದ್ಭಕ್ತರೊಬ್ಬರ ಮನೆಯಲ್ಲಿ ಐದು ದಿನಗಳ ಪ್ರವಚನ ನಡೆಯಿತು. ಕೊನೆಯ ದಿನ ಮಂಗಳವಾಗಿ, ಜನರು ಪ್ರಸಾದಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ, ಬ್ಯಾಂಕಿನ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಹತ್ತಿರ ಬಂದು ಕುಳಿತರು. "ಬುದ್ಧಿ, ತಪ್ಪು ತಿಳಿಯಬಾರದು" ಎಂದು ಪೀಠಿಕೆ ಹಾಕಿ ಹೀಗೆ ಕೇಳಿದರು: "ನಲವತ್ತು ವರ್ಷಗಳಿಂದ ಪ್ರತಿ ಶ್ರಾವಣದಲ್ಲಿಯೂ ಪ್ರವಚನ ಕೇಳುತ್ತಾ ಬಂದಿದ್ದೇನೆ. ಕೇಳಿದಾಗ ಮನಸ್ಸು ತೊಳೆದಂತಾಗುತ್ತದೆ. ಮುಂದಿನ ಶ್ರಾವಣದ ಹೊತ್ತಿಗೆ ನೋಡಿದರೆ ಅದೇ ಸಿಡುಕು, ಅದೇ ಆಸೆ, ಅದೇ ಮತ್ಸರ. ಮತ್ತೆ ಮತ್ತೆ ಕೊಳೆಯಾಗುವುದನ್ನು ಮತ್ತೆ ಮತ್ತೆ ತೊಳೆದು ಬಂದ ಲಾಭವೇನು?"

ದಿನವೂ ಉಂಡವನಿಗೆ ದಿನವೂ ಹಸಿವಾಗುವುದಿಲ್ಲವೇ ಎಂದು ಆಗ ನಾವು ಉತ್ತರ ಹೇಳಿದೆವು. ಅವರು ಸೌಜನ್ಯದಿಂದ ತಲೆದೂಗಿ ಎದ್ದರು. ಆದರೆ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿಗೂ ಸಮಾಧಾನವಾಗಲಿಲ್ಲ. ಹಸಿವು ದೋಷವಲ್ಲ. ಅವರು ಕೇಳಿದ್ದು ದೋಷದ ಮಾತು. ಅಂದು ಬಾಕಿ ಉಳಿದ ಆ ಉತ್ತರವನ್ನು ಕೊಡುವ ಪ್ರಯತ್ನವೇ ಈ ಲೇಖನ.

ಯಾವ ಹನುಮಂತನ ಹೆಸರನ್ನು ಆ ಬಡಾವಣೆ ಹೊತ್ತಿದೆಯೋ ಅವನು ದೋಣಿಯಿಲ್ಲದೆ ಕಡಲನ್ನು ದಾಟಿದವನು. ನೀರು ಅವನ ಪಾದವನ್ನೂ ಮುಟ್ಟಲಿಲ್ಲ. ಆದುದರಿಂದ ಕಡಲಿನ ಕೊಳೆ ಅವನಿಗೆ ಅಂಟುವ ಪ್ರಸಂಗವೇ ಬರಲಿಲ್ಲ. ಉಳಿದ ನಮ್ಮೆಲ್ಲರಿಗೆ ಅಂತಹ ಭಾಗ್ಯವಿಲ್ಲ. ದಾಟಬೇಕಾದರೆ ದೋಣಿ ಬೇಕು, ದೋಣಿ ನೀರಿನಲ್ಲಿಯೇ ಇರಬೇಕು. ಸಂಸಾರವನ್ನು ಸಾಗರವೆಂದೂ ಗುರುವನ್ನು ಅಂಬಿಗನೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈ ಉಪಮೆಯನ್ನು ಬಳಸುವಾಗ ನಾವು ನೋಡುವುದು ದೋಣಿಯ ಮೇಲ್ಭಾಗವನ್ನು ಮಾತ್ರ. ನೀರಿನ ಕೆಳಗಿರುವ ಅದರ ಮೈ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ, ಕೆಲವು ವರ್ಷಗಳ ಹಿಂದೆ ಮಲ್ಪೆಯ ಬಂದರಿನಲ್ಲಿ ಅದನ್ನು ಕಣ್ಣಾರೆ ಕಾಣುವವರೆಗೆ.

ಅದು ಜೂನ್ ತಿಂಗಳು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಅದು ಮಳೆಗಾಲದ ಕಡಲಿನ ಅಬ್ಬರದ ಕಾಲ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಹೌದು. ಭಕ್ತರೊಬ್ಬರ ಮನೆಯ ಕಾರ್ಯಕ್ಕಾಗಿ ಉಡುಪಿಗೆ ಹೋಗಿದ್ದ ನಮ್ಮನ್ನು ಅವರು ಬಂದರು ತೋರಿಸಲು ಕರೆದೊಯ್ದರು. ನೂರಾರು ದೋಣಿಗಳು ಒಂದಕ್ಕೊಂದು ಒರಗಿ ಹಗ್ಗ ಬಿಗಿದು ನಿಂತಿದ್ದವು. ಕೆಲವನ್ನು ದಡಕ್ಕೆ ಎಳೆದು ಮರದ ಆಧಾರಗಳ ಮೇಲೆ ನಿಲ್ಲಿಸಿದ್ದರು. ದೋಣಿಯ ಮೇಲ್ಭಾಗವೆಲ್ಲ ಬಗೆಬಗೆಯ ಬಣ್ಣ, ಮೂತಿಯ ಮೇಲೆ ದೇವರ ಹೆಸರು, ಹೂವಿನ ಚಿತ್ತಾರ. ಒಂದು ಗೆರೆಯ ಕೆಳಗೆ ಮಾತ್ರ ಬೇರೆಯೇ ಲೋಕ! ಹಸಿರು ಲೋಳೆ, ಜೋಲುವ ಪಾಚಿ, ಅದರ ನಡುವೆ ಬಿಳಿಯ ಸಣ್ಣ ಸಣ್ಣ ಗೋಪುರಗಳಂತೆ ಒತ್ತೊತ್ತಾಗಿ ಬೆಳೆದ ಚಿಪ್ಪುಗಳು. ಕೈ ಸವರಿದರೆ ರಕ್ತ ಬರುವಷ್ಟು ಹರಿತ. ಒಂದೇ ದೋಣಿಗೆ ಎರಡು ಮೈ! ಜನ ನೋಡುವುದು ಒಂದನ್ನು, ನೀರಿಗೆ ಗೊತ್ತಿರುವುದು ಇನ್ನೊಂದನ್ನು.

ಆ ಗೋಪುರದಂತಹ ಚಿಪ್ಪಿನ ಜೀವಿಗೆ ಬಾರ್ನಕಲ್ ಎಂದು ಹೆಸರು. ನೋಡಲು ಅದು ಕಪ್ಪೆಚಿಪ್ಪಿನ ಬಳಗದಂತೆ ಕಾಣುತ್ತದೆ. ಬಹುಕಾಲ ಪಂಡಿತರೂ ಹಾಗೆಯೇ ಎಣಿಸಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಎಂಬ ವಿಜ್ಞಾನಿ ಅದರ ಮರಿಗಳನ್ನು ಪರೀಕ್ಷಿಸಿ, ಇದು ಸೀಗಡಿ ಏಡಿಗಳ ಕುಲಕ್ಕೆ ಸೇರಿದ್ದೆಂದು ತೋರಿಸಿದನು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷಗಳನ್ನು ಈ ಕ್ಷುದ್ರಜೀವಿಯೊಂದರ ಅಧ್ಯಯನಕ್ಕೇ ಮೀಸಲಿಟ್ಟನು. ಇದರ ಜೀವನಕ್ರಮ ವಿಚಿತ್ರವಾದುದು. ಶೈಶವದಲ್ಲಿ ಅದು ನೀರಿನಲ್ಲಿ ಸ್ವೇಚ್ಛೆಯಾಗಿ ಈಜುತ್ತದೆ. ಮುಂದೊಂದು ಹಂತದಲ್ಲಿ ಆಹಾರವನ್ನೇ ಬಿಟ್ಟು, ನಿಲ್ಲಲು ನೆಲೆ ಹುಡುಕುತ್ತದೆ. ಬಂಡೆಯೋ, ಕಂಬವೋ, ದೋಣಿಯ ತಳವೋ ಸಿಕ್ಕಿದರೆ ಅದರ ಮೇಲೆ ನಡೆದಾಡಿ ಪರೀಕ್ಷಿಸಿ, ಒಪ್ಪಿಗೆಯಾದೊಡನೆ ಒಂದು ಬಗೆಯ ಅಂಟನ್ನು ಸ್ರವಿಸಿ ತನ್ನ ತಲೆಯನ್ನೇ ಅಲ್ಲಿಗೆ ಅಂಟಿಸಿಕೊಳ್ಳುತ್ತದೆ. ಅನಂತರ ಸುತ್ತಲೂ ಸುಣ್ಣದ ಗೋಡೆ ಕಟ್ಟಿಕೊಂಡು, ಕಾಲುಗಳನ್ನು ಬಲೆಯಂತೆ ಬೀಸಿ ಆಹಾರವನ್ನು ಒಳಗೆಳೆದುಕೊಳ್ಳುತ್ತದೆ. ಸಾಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಸತ್ತ ಮೇಲೆಯೂ ಅದರ ಗೋಡೆ ಕದಲುವುದಿಲ್ಲ.

ಇದನ್ನು ಕೇಳಿದಾಗ ನಮ್ಮ ಅಭ್ಯಾಸಗಳ ನೆನಪಾಗದೆ ಇರದು. ಯಾವ ದುರಭ್ಯಾಸವೂ ಗೋಡೆ ಕಟ್ಟಿಕೊಂಡು ಬರುವುದಿಲ್ಲ. ಮೊದಲು ಅದು ತೇಲಿಬರುವ ಒಂದು ವಿಚಾರ ಮಾತ್ರ. ನಮ್ಮನ್ನು ಮುಟ್ಟಿ, ತಡಕಿ, ಇಲ್ಲಿ ನಿಲ್ಲಬಹುದೇ ಎಂದು ನೋಡುತ್ತದೆ. ನಾವು ಚಲಿಸುತ್ತಿದ್ದರೆ ಅದಕ್ಕೆ ನಿಲ್ಲುವುದು ಕಷ್ಟ. ದೋಣಿಯ ವಿಷಯದಲ್ಲಿಯೂ ಹೀಗೆಯೇ: ರಭಸದಿಂದ ಸಾಗುವ ದೋಣಿಗೆ ಈ ಮರಿಗಳು ಅಂಟುವುದು ಕಡಮೆ, ಬಂದರಿನಲ್ಲಿ ಸುಮ್ಮನೆ ನಿಂತ ದೋಣಿಗೆ ಬೇಗ ಅಂಟುತ್ತವೆ. ಕಾಯಕವನ್ನು ಶರಣರು ಅಷ್ಟು ಎತ್ತರದಲ್ಲಿ ನಿಲ್ಲಿಸಿದುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಎಷ್ಟೇ ಓಡಾಡಿದರೂ ದೋಣಿ ಒಮ್ಮೆಯಾದರೂ ನಿಲ್ಲಲೇಬೇಕಷ್ಟೆ. ನಿಂತಾಗ ಒಂದಿಷ್ಟು ಅಂಟಲೇಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಾರ್ನಕಲ್ ಪಾಪಿಯಲ್ಲ. ಬಂಡೆಯ ಮೇಲಿದ್ದಾಗ ಅದು ಕಡಲಿನ ಸೃಷ್ಟಿಯ ಒಂದು ಅಂಗ. ಅಲ್ಲಿ ಅದನ್ನು ಯಾರೂ ಕೊಳೆಯೆನ್ನುವುದಿಲ್ಲ. ದೋಣಿಗೆ ಅಂಟಿದಾಗ ಮಾತ್ರ ಅದು ಮಲವಾಗುತ್ತದೆ, ಏಕೆಂದರೆ ದೋಣಿಗೆ ಹೋಗಬೇಕಾದ ಊರೊಂದಿದೆ. ಗುರಿಯಿಲ್ಲದವನಿಗೆ ದೋಷವೆಂಬುದೇ ಕಾಣದು. ತಳದಲ್ಲಿ ಬರಿಯ ಲೋಳೆ ಕಟ್ಟಿದರೂ ನೀರಿನ ತಡೆ ಹೆಚ್ಚಿ ಇಂಜಿನ್ನಿಗೆ ಡೀಸೆಲ್ ಅಧಿಕ ಬೇಕಾಗುತ್ತದೆ ಎಂಬುದು ಹೊರಟವನಿಗೆ ಮಾತ್ರ ತಿಳಿಯುತ್ತದೆ. ಶೈವಾಗಮಗಳು ಮಲವನ್ನು ಆಣವ, ಮಾಯಾ, ಕಾರ್ಮಿಕವೆಂದು ಮೂರು ಬಗೆಯಾಗಿ ಹೇಳುತ್ತವೆ. ತಾಮ್ರಕ್ಕೆ ಕಿಲುಬಿನಂತೆ, ಭತ್ತಕ್ಕೆ ಹೊಟ್ಟಿನಂತೆ ಎಂಬ ಉಪಮೆಗಳನ್ನು ಗುರುಕುಲದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಅವು ಹುಟ್ಟಿನೊಡನೆ ಬಂದ ಮಲವನ್ನು ಚೆನ್ನಾಗಿ ತಿಳಿಸುತ್ತವೆ. ಬದುಕಿನ ನೀರಿನಲ್ಲಿ ನಿಂತದ್ದರಿಂದಲೇ ದಿನದಿನವೂ ಬಂದು ಸೇರುವ ಮಲಕ್ಕೆ ಮಲ್ಪೆಯ ದೋಣಿಯೇ ಸರಿಯಾದ ಉಪಮೆಯೆಂದು ನಮಗೆ ಅಂದು ತೋರಿತು.

ಕೆಲಸ ನಡೆಯುತ್ತಿದ್ದ ದೋಣಿಯೊಂದರ ಬಳಿ ನಿಂತೆವು. ತಾಡಪಾಲಿನ ಮಾಡಿನ ಕೆಳಗೆ ನಾಲ್ವರು ಕಬ್ಬಿಣದ ಅಗಲವಾದ ಉಳಿಗಳಿಂದ ತಳವನ್ನು ಕೆರೆಯುತ್ತಿದ್ದರು. ಹಿರಿಯ ಮೇಸ್ತ್ರಿ ನಮ್ಮ ಕುತೂಹಲ ಕಂಡು ಎಲ್ಲವನ್ನೂ ವಿವರಿಸಿದನು. ದೋಣಿಯನ್ನು ಮೇಲಕ್ಕೆಳೆದೊಡನೆ, ತಳ ಒದ್ದೆಯಿರುವಾಗಲೇ ಕೆರೆಯಬೇಕು. ಒಣಗಲು ಬಿಟ್ಟರೆ ಪಾಚಿಯೂ ಚಿಪ್ಪೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಚಿಪ್ಪು ಉದುರಿದ ಮೇಲೆಯೂ ಅದರ ಬುಡದ ಸುಣ್ಣದ ಬಿಲ್ಲೆ ಉಳಿಯುತ್ತದೆ, ಅದನ್ನೂ ತೆಗೆಯಬೇಕು. ಆದರೆ ಹಲಗೆಗೆ ಗಾಯವಾಗಬಾರದು. ಅನಂತರ ಸಿಹಿನೀರಿನಿಂದ ತೊಳೆದು ಉಪ್ಪನ್ನು ಕಳೆಯಬೇಕು. ಒಣಗಿಸಬೇಕು. ಹಲಗೆಗಳ ಸಂದಿಗೆ ಹತ್ತಿ ತುಂಬಿ ಬಿಗಿಯಬೇಕು. ಉಜ್ಜಿ ನಯಮಾಡಿ ಮೊದಲ ಲೇಪ, ಅದರ ಮೇಲೆ ಚಿಪ್ಪು ಅಂಟದಂತೆ ತಡೆಯುವ ಕೆಂಪು ಬಣ್ಣ. "ನೋಡುವವರಿಗೆ ಕಾಣುವುದು ಕೊನೆಯ ಬಣ್ಣ ಒಂದೇ ಸ್ವಾಮೀಜಿ. ನಮ್ಮ ಕೆಲಸವೆಲ್ಲ ಅದಕ್ಕಿಂತ ಮೊದಲೇ ಮುಗಿದಿರುತ್ತದೆ" ಎಂದನು. ಕೆರೆಯದೆ ಬಣ್ಣ ಬಳಿದರೆ ಏನಾಗುತ್ತದೆ ಎಂದು ಕೇಳಿದೆವು. ಅವನು ನಕ್ಕನು. "ಏನೂ ಆಗುವುದಿಲ್ಲ. ನೀರಿಗಿಳಿಯುವವರೆಗೆ ಚೆಂದ ಕಾಣುತ್ತದೆ."

ಆ ಮಾತು ನಮ್ಮನ್ನು ಇರಿಯಿತು. ಏಕೆ ಇರಿಯಿತೆಂಬುದನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಪ್ರಾಮಾಣಿಕತೆಯಾಗಲಾರದು.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ವಿಶ್ವವಿದ್ಯಾನಿಲಯದಿಂದ ತತ್ತ್ವಶಾಸ್ತ್ರದ ಪದವಿಯೊಡನೆ ಆಗತಾನೆ ಹಿಂದಿರುಗಿದ್ದ ನಮಗೆ ಒಂದು ಪ್ರಸಾದ ನಿಲಯದ ಉಸ್ತುವಾರಿಯನ್ನು ವಹಿಸಿದ್ದರು. ಒಂದು ದಿನ ಉಗ್ರಾಣದ ಲೆಕ್ಕ ನೋಡಿದಾಗ ಎರಡು ಮೂಟೆ ಅಕ್ಕಿ ಕಡಮೆಯಾಗಿತ್ತು. ಬೀಗದ ಕೈ ಅಡುಗೆಯವನ ಬಳಿಯಿತ್ತು. ಅಂದು ಸಂಜೆಯ ಪ್ರಾರ್ಥನಾ ಸಭೆಯಲ್ಲಿ, ಎಲ್ಲ ವಿದ್ಯಾರ್ಥಿಗಳ ಎದುರಿನಲ್ಲಿ, ನಾವು ಅವನನ್ನು ನಿಲ್ಲಿಸಿ ಕೇಳಿದೆವು. ಕೇಳಿದೆವು ಎನ್ನುವುದೂ ಮೃದುವಾದ ಮಾತೇ, ಕಳ್ಳನೆಂದು ಕರೆದೆವು. ಅವನು ಒಂದೇ ಮಾತು ಹೇಳಿದನು: "ನಾನು ತೆಗೆದಿಲ್ಲ ಬುದ್ಧಿ." ಆ ರಾತ್ರಿಯೇ ಹೆಂಡತಿ ಮಗಳೊಡನೆ ನಿಲಯವನ್ನು ಬಿಟ್ಟು ಹೋದನು. ನಾಲ್ಕು ತಿಂಗಳ ಅನಂತರ ಇನ್ನೊಂದು ಪುಸ್ತಕದಲ್ಲಿ ಲೆಕ್ಕ ದೊರೆಯಿತು. ಜಾತ್ರೆಯ ದಾಸೋಹಕ್ಕೆಂದು ಆ ಎರಡು ಮೂಟೆಗಳನ್ನು ಕಳುಹಿಸಲಾಗಿತ್ತು. ಬರೆದಿದ್ದ ಅಕ್ಷರ ನಮ್ಮದೇ.

ನಾವು ಯಾರಿಗೂ ಹೇಳಲಿಲ್ಲ. ಹುಡುಗರು ಮರೆತಿರುತ್ತಾರೆ ಎಂದುಕೊಂಡೆವು. ಅವನಿಗೆ ಬೇರೆಡೆ ಕೆಲಸ ಸಿಕ್ಕಿದೆಯಂತೆ ಎಂದು ಸಮಾಧಾನ ಹೇಳಿಕೊಂಡೆವು. ಮುಂದಿನ ಅಡುಗೆಯವರಿಗೆ ಸಂಬಳ ಹೆಚ್ಚಿಸಿದೆವು, ಪ್ರತಿ ವರ್ಷ ಬಟ್ಟೆ ಕೊಡುವ ಪದ್ಧತಿ ಮಾಡಿದೆವು. ಸತ್ಯದ ಮೇಲೆ, ಅವಸರದ ತೀರ್ಪಿನ ಮೇಲೆ ಎಷ್ಟೋ ಪ್ರವಚನಗಳನ್ನು ಮಾಡಿದೆವು, ಜನ ಮೆಚ್ಚಿದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಮಲ್ಪೆಯ ದಡದಲ್ಲಿ ನಿಂತಾಗ, ಇವೆಲ್ಲ ಕೆರೆಯದೆ ಬಳಿದ ಬಣ್ಣವೆಂಬುದು ಸ್ಪಷ್ಟವಾಯಿತು. ಒದ್ದೆಯಿರುವಾಗ ಕೆರೆಯಬೇಕಾಗಿದ್ದುದನ್ನು ಕಾಲು ಶತಮಾನ ಒಣಗಲು ಬಿಟ್ಟಿದ್ದೆವು.

ಮರದ ದೋಣಿಗೆ ಚಿಪ್ಪಿಗಿಂತ ಭಯಂಕರವಾದ ಇನ್ನೊಂದು ಶತ್ರುವಿದೆ. ಮರವನ್ನು ಕೊರೆಯುವ ಕಡಲಹುಳು. ಅದು ಒಳಹೊಕ್ಕ ತೂತು ಸೂಜಿಮೊನೆಯಷ್ಟು. ಒಳಗೆ ಹಲಗೆಯೆಲ್ಲ ಜೇನುಗೂಡಿನಂತಾಗಿರುತ್ತದೆ. ಕೊಲಂಬಸ್ಸನು ತನ್ನ ನಾಲ್ಕನೆಯ ಯಾತ್ರೆಯಲ್ಲಿ ಈ ಹುಳುಗಳಿಂದ ಜರ್ಜರಿತವಾದ ಹಡಗುಗಳನ್ನು 1503ರಲ್ಲಿ ಜಮೈಕಾದ ದಡಕ್ಕೆ ಏರಿಸಿ, ಒಂದು ವರ್ಷ ಅಲ್ಲಿಯೇ ಸಿಕ್ಕಿಬಿದ್ದಿದ್ದನು. ನಮ್ಮ ಕೋಪದ ಮಾತು ಹೊರಗೆ ಅಂಟಿದ ಚಿಪ್ಪಾದರೆ, ಅನಂತರದ ಮೌನ ಒಳಗೆ ಕೊರೆದ ಹುಳು. ಒಂದು ತಪ್ಪಿಗಿಂತ ಅದನ್ನು ಮುಚ್ಚಿದ ವರ್ಷಗಳೇ ಮನುಷ್ಯನನ್ನು ಹೆಚ್ಚು ಟೊಳ್ಳು ಮಾಡುತ್ತವೆ.

ಇಂತಹ ಸಂದರ್ಭದಲ್ಲಿ ಬುದ್ಧಿ ಒಂದು ಉಪಾಯವನ್ನು ಹೂಡುತ್ತದೆ. ಅಂದು ಹಾಗೆ ನುಡಿದ ತರುಣ ಬೇರೆ, ಇಂದಿನ ನಾವು ಬೇರೆ ಎನ್ನುತ್ತದೆ. ಗ್ರೀಕರ ಪ್ಲುಟಾರ್ಕನು ಥೀಸಿಯಸ್ಸನ ಹಡಗಿನ ಪ್ರಶ್ನೆಯನ್ನು ಹೇಳಿದ್ದಾನೆ. ಅಥೆನ್ಸಿನವರು ಆ ಹಡಗಿನ ಹಳೆಯ ಹಲಗೆಗಳು ಕೆಟ್ಟಂತೆಲ್ಲ ಹೊಸ ಹಲಗೆ ಹಾಕುತ್ತ ಬಂದರು; ಕೊನೆಗೆ ಅದು ಅದೇ ಹಡಗೇ, ಬೇರೆಯೇ ಎಂದು ತತ್ತ್ವಜ್ಞಾನಿಗಳು ವಾದಿಸಿದರು. ತರಗತಿಯಲ್ಲಿ ನಾವೂ ಇದನ್ನು ಉತ್ಸಾಹದಿಂದ ಚರ್ಚಿಸಿದ್ದುಂಟು. ಮಲ್ಪೆಯಲ್ಲಿ ಎಷ್ಟೋ ದೋಣಿಗಳ ಹಲಗೆ ಬದಲಾಗಿದೆ, ಇಂಜಿನ್ ಬದಲಾಗಿದೆ. ಆದರೆ ನೋಂದಣಿ ಸಂಖ್ಯೆ ಅದೇ. ಅದರ ಮೇಲಿನ ಸಾಲವೂ ಅದೇ. ಹಲಗೆ ಬದಲಾಯಿತೆಂದು ಸಾಲ ಕೊಟ್ಟವರು ಲೆಕ್ಕ ಹರಿಯುವುದಿಲ್ಲ. ನೋಯಿಸಿದವನು ತಾನು ಬದಲಾದೆನೆಂದು ತಿಳಿಯಬಹುದು. ಋಣ ತೀರಿತೋ ಇಲ್ಲವೋ ಎಂದು ಹೇಳುವ ಅಧಿಕಾರ ನೊಂದವನದು.

ಹಾಗಾದರೆ ಹೋಗಿ ಕ್ಷಮೆ ಕೇಳಿಬಿಡಬೇಕು. ಆದರೆ ಇಲ್ಲಿಯೂ ಒಂದು ಗಂಡಾಂತರವಿದೆ. ತಳವನ್ನು ಶುದ್ಧವಾಗಿಡುವ ಉಪಾಯಗಳ ಇತಿಹಾಸವನ್ನು ಅನಂತರ ಓದಿದಾಗ ಅದು ನಮಗೆ ತಿಳಿಯಿತು. 1761ರಲ್ಲಿ ಬ್ರಿಟಿಷರು ಅಲಾರ್ಮ್ ಎಂಬ ಯುದ್ಧದ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಚಿಪ್ಪುಗಳು ಅಂಟಲಿಲ್ಲ, ಹುಳು ಕೊರೆಯಲಿಲ್ಲ. ಆದರೆ ತಾಮ್ರದ ಸಂಗದಿಂದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಹೊರಗಿನ ಕವಚ ಒಳಗಿನ ಬೆಸುಗೆಯನ್ನೇ ಸಡಿಲಿಸಿತ್ತು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಆ ತಾಮ್ರವೂ ಸವೆಯದಂತೆ ಅದಕ್ಕೆ ಸತುವಿನ ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯ ಕಂಡುಹಿಡಿದನು. ತಾಮ್ರ ಸವೆಯುವುದು ನಿಂತಿತು. ಆದರೆ ಅದರ ಮೇಲೆ ಚಿಪ್ಪುಗಳು ಬೆಳೆಯತೊಡಗಿದವು! ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗುತ್ತಿದ್ದುದರಿಂದಲೇ ತಾಮ್ರ ಹಡಗನ್ನು ಕಾಯುತ್ತಿತ್ತು. ತಾನು ಸವೆಯಲೊಪ್ಪದ ಕಾವಲುಗಾರ ಕಾವಲುಗಾರನಲ್ಲವೆಂಬುದನ್ನು ಲೋಹವೇ ನುಡಿದಂತಾಯಿತು.

ಕಳೆದ ಶತಮಾನದ ಅರುವತ್ತರ ದಶಕದಿಂದ ತವರ ಸೇರಿದ ಒಂದು ಪ್ರಬಲ ವಿಷದ ಬಣ್ಣ ಬಳಕೆಗೆ ಬಂದಿತು. ಟ್ರೈಬ್ಯುಟೈಲ್ ಟಿನ್ ಎಂದು ಅದರ ಹೆಸರು. ಹಡಗುಗಳ ತಳ ವರ್ಷಗಟ್ಟಲೆ ಕನ್ನಡಿಯಂತೆ ಉಳಿಯಿತು. ಎಲ್ಲರೂ ಹರ್ಷಪಟ್ಟರು. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಾಕುತ್ತಿದ್ದ ಸಿಂಪಿಗಳ ಚಿಪ್ಪು ವಿಕಾರವಾಗತೊಡಗಿತು, ಮರಿಗಳು ಉಳಿಯಲಿಲ್ಲ. ಬೇರೆ ಕಡಲುಗಳಲ್ಲಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆದು ಸಂತತಿಯೇ ನಿಂತಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿರ್ಬಂಧಿಸಿತು. 2001ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವೊಂದು 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು ಹಡಗುಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ಈಗ ಬಳಸುವ ತಾಮ್ರದ ಬಣ್ಣಗಳೂ ಸಂಪೂರ್ಣ ನಿರಪರಾಧಿಗಳಲ್ಲ. ಕೆರೆದ ಪುಡಿಯನ್ನು ನೀರಿಗೆ ಬಿಡದೆ ಸಂಗ್ರಹಿಸಬೇಕೆಂದು ತಿಳಿದವರು ಹೇಳುತ್ತಾರೆ.

ತನ್ನ ತಳ ಶುದ್ಧವಾಗಿರಬೇಕೆಂದು ಎಲ್ಲರ ಕಡಲಿಗೆ ವಿಷ ಬೆರೆಸುವ ಶುದ್ಧಿಯೂ ಒಂದುಂಟು ಎಂಬುದು ಇದರ ಪಾಠ. ಧರ್ಮದ ಲೋಕದಲ್ಲಿ ಇದು ಅಪರೂಪವಲ್ಲ. ತನ್ನ ಮಡಿಗಾಗಿ ನೆರೆಯವನನ್ನು ಮೈಲಿಗೆಯೆಂದು ದೂರ ಸರಿಸಿದ ಶುದ್ಧಿ ಅಂತಹುದು. ಕ್ಷಮೆ ಕೇಳುವುದರಲ್ಲಿಯೂ ಅಂತಹ ವಿಷವಿರಬಲ್ಲುದು. ನಮ್ಮ ಎದೆಯ ಭಾರ ಇಳಿಯಲೆಂದು, ಮುಚ್ಚಿಹೋಗಿದ್ದ ಒಬ್ಬರ ಗಾಯವನ್ನು ಕೆದಕಿ, "ಕ್ಷಮಿಸಿದೆ" ಎಂಬ ಮಾತನ್ನು ಕಿತ್ತುಕೊಂಡು, ನಾವು ಹಗುರಾಗಿ ಹಿಂದಿರುಗುವುದು. ಮೇಲಾಗಿ ಕಾವಿಯುಟ್ಟವರು ಬಾಗಿಲಿಗೆ ಬಂದು ಕೈಮುಗಿದರೆ ಬಡವನು ಬೇರೆ ಏನು ತಾನೇ ಹೇಳಬಲ್ಲನು? ಈ ಸಂಶಯದಲ್ಲಿ ಹಲವು ತಿಂಗಳು ಕಳೆದೆವು. ಕೊನೆಗೆ ಒಂದು ನಿರ್ಣಯಕ್ಕೆ ಬಂದೆವು: ಕ್ಷಮೆಯನ್ನು ಕೇಳಕೂಡದು, ಸತ್ಯವನ್ನು ಒಪ್ಪಿಸಬೇಕು. ಅದನ್ನು ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು. ಮೊದಲು ಪತ್ರ ಬರೆದು, ಬರಬಹುದೇ ಎಂದು ಕೇಳಿ, ಒಪ್ಪಿಗೆ ಬಂದ ಮೇಲೆ ಹೋದೆವು.

ಅಡುಗೆಯವನು ಈಗ ಮುದುಕ, ದೃಷ್ಟಿ ಮಂದವಾಗಿತ್ತು. ನಾವು ಲೆಕ್ಕದ ಪುಸ್ತಕದ ಸಂಗತಿಯನ್ನು ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಆಗಿದ್ದು ಆಯಿತು ಬುದ್ಧಿ, ನಾನು ಮರೆತಿದ್ದೇನೆ" ಎಂದನು. ನಮ್ಮ ಮನಸ್ಸು ಹಗುರಾಗಲು ಸಿದ್ಧವಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಮಗಳು ಬಂದರು. ಅಂದು ಎಂಟು ವರ್ಷದ ಹುಡುಗಿ. ಈಗ ಇಬ್ಬರು ಮಕ್ಕಳ ತಾಯಿ. "ಅಪ್ಪ ಮರೆತಿಲ್ಲ. ನೀವು ಮನೆಗೆ ಬಂದಿದ್ದೀರೆಂದು ಹಾಗೆ ಹೇಳುತ್ತಾರೆ. ಆ ವರ್ಷ ನಾನು ಪರೀಕ್ಷೆ ಬರೆಯಲಿಲ್ಲ. ಸ್ವಾಮೀಜಿ, ನೀವು ಕಳ್ಳನೆಂದದ್ದು ಇನ್ನೂರು ಜನರ ಎದುರಿನಲ್ಲಿ. ಅಲ್ಲವೆಂದು ಹೇಳುತ್ತಿರುವುದು ಈ ಕೋಣೆಯಲ್ಲಿ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾವು ಓದಿದ ಯಾವ ನೀತಿಶಾಸ್ತ್ರದ ಗ್ರಂಥವೂ ಇಷ್ಟು ನೇರವಾಗಿ ನ್ಯಾಯವನ್ನು ಹೇಳಿರಲಿಲ್ಲ. ಯಾವ ಮಟ್ಟದಲ್ಲಿ ಕೊಳೆ ಹತ್ತಿದೆಯೋ ಆ ಮಟ್ಟದಲ್ಲಿಯೇ ಕೆರೆಯಬೇಕು.

ಮರುವರ್ಷ ಹಳೆಯ ವಿದ್ಯಾರ್ಥಿಗಳ ಸಮಾವೇಶ ಅದೇ ಪ್ರಾರ್ಥನಾ ಮಂದಿರದಲ್ಲಿ ಸೇರಿದಾಗ, ನಡೆದುದನ್ನು ನಡೆದಂತೆ ಹೇಳಿದೆವು. ಹಿರಿಯ ಭಕ್ತರೊಬ್ಬರು ಆಮೇಲೆ ಬಂದು, ಇದರಿಂದ ಪೀಠದ ಘನತೆಗೆ ಕುಂದಲ್ಲವೇ ಎಂದು ನೊಂದುಕೊಂಡರು. ಘನತೆಯೆಂಬುದು ನೀರಿನ ಮೇಲಿನ ಬಣ್ಣ. ದೋಣಿ ಮುಳುಗುವುದು ನೀರಿನ ಕೆಳಗೆ ಎಂದು ಹೇಳಿದೆವು. ಮುದುಕನು ಬರಲಿಲ್ಲ. ಮಗಳು ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಪ್ರಸಾದಕ್ಕೆ ನಿಲ್ಲದೆ ಹೊರಟುಹೋದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾವು ಕೇಳಲಿಲ್ಲ. ಕೇಳುವ ಹಕ್ಕೂ ನಮಗಿರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಉಕ್ಕಿನ ದೋಣಿಗಳ ತಳದಲ್ಲಿ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಜೋಡಿಸಿರುತ್ತಾರೆ. ಉಪ್ಪುನೀರು ಉಕ್ಕನ್ನು ತಿನ್ನುವ ಬದಲು ಮೊದಲು ಸತುವನ್ನು ತಿನ್ನುತ್ತದೆ. ಸತು ಕರಗಿ ದೋಣಿ ಉಳಿಯುತ್ತದೆ. ತಳಕ್ಕೆ ಬಣ್ಣ ಬಳಿಯುವಾಗ ಈ ಗಟ್ಟಿಗಳಿಗೆ ಮಾತ್ರ ಬಣ್ಣ ತಾಗಬಾರದು. ತಾಗಿದರೆ ಅವು ಕೆಲಸ ಮಾಡಲಾರವು. ಪ್ರತಿ ಬಾರಿಯೂ ಅವನ್ನು ನೋಡಬೇಕು, ಸವೆದಿದ್ದರೆ ಬದಲಿಸಬೇಕು. ಪ್ರತಿ ಮನೆಯಲ್ಲಿ, ಪ್ರತಿ ಸಂಸ್ಥೆಯಲ್ಲಿ, ಪ್ರತಿ ಮಠದಲ್ಲಿಯೂ ಇಂತಹವರು ಒಬ್ಬಿಬ್ಬರು ಇರುತ್ತಾರೆ. ಎಲ್ಲರ ಮೇಲಿನ ಕ್ಷಾರವನ್ನು ತಾವು ತೆಗೆದುಕೊಂಡು ಸವೆಯುವವರು. ತಾಯಂದಿರು ಅನೇಕರು ಹಾಗೆ. ಅಡುಗೆಮನೆಯಲ್ಲಿ ದುಡಿಯುವವರು ಹಾಗೆ. ಅವರಿಗೆ ಹೊಗಳಿಕೆಯ ಬಣ್ಣ ಬಳಿದು ಸುಮ್ಮನಾಗುವುದಲ್ಲ. ಎಷ್ಟು ಸವೆದಿದ್ದಾರೆಂದು ವರ್ಷಕ್ಕೊಮ್ಮೆಯಾದರೂ ಬಗ್ಗಿ ನೋಡಬೇಕು. ತಪ್ಪು ಎಲ್ಲಿದೆಯೆಂದು ಹುಡುಕುವಾಗ ನಮ್ಮ ಕೈ ಮೊದಲು ಅವರ ಕಡೆಗೇ ಏಕೆ ಚಾಚುತ್ತದೆ ಎಂದೂ ಕೇಳಿಕೊಳ್ಳಬೇಕು.

ಈಗ ಹನುಮಂತನಗರದ ಹಿರಿಯರ ಪ್ರಶ್ನೆಗೆ ಬರೋಣ. ಮತ್ತೆ ಕೊಳೆಯಾಗುವುದನ್ನು ತೊಳೆದು ಬಂದ ಲಾಭವೇನು? ಅವರ ಪ್ರಶ್ನೆಯ ಹಿಂದೆ ಒಂದು ಎಣಿಕೆಯಿದೆ. ನಿಜವಾಗಿ ತೊಳೆದದ್ದಾದರೆ ಮತ್ತೆ ಕೊಳೆಯಾಗಬಾರದು ಎಂಬುದೇ ಆ ಎಣಿಕೆ. ದೋಣಿಯವನು ಇದನ್ನು ಒಪ್ಪುವುದಿಲ್ಲ. ಇಂದು ಬಣ್ಣ ಬಳಿದು ಇಳಿಸಿದ ದೋಣಿಯ ತಳದಲ್ಲಿ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಾಣದ ಲೋಳೆ ಹತ್ತುತ್ತದೆಂದು ಅವನಿಗೆ ಗೊತ್ತು. ಹಾಗೆಂದು ಅವನು ತನ್ನ ದುಡಿಮೆ ವ್ಯರ್ಥವಾಯಿತೆನ್ನುವುದಿಲ್ಲ. ಎಂದೂ ಕೊಳೆಯಾಗದ ದೋಣಿಯೊಂದಿದೆ. ನೀರಿಗೆ ಇಳಿಯದೆ ದಡದಲ್ಲಿಯೇ ಉಳಿದದ್ದು. ಅದರ ಶುದ್ಧಿ ಯಾರನ್ನೂ ದಾಟಿಸುವುದಿಲ್ಲ. ತೊಳೆಯುವುದರ ಲಾಭ ಶಾಶ್ವತವಾದ ಶುಭ್ರತೆಯಲ್ಲ, ಮುಂದಿನ ಯಾತ್ರೆ.

ಆದರೆ ಅವರ ಪ್ರಶ್ನೆಯಲ್ಲಿ ಒಂದು ನಿಜವಾದ ಎಚ್ಚರಿಕೆಯೂ ಇದೆ. ನಲವತ್ತು ಶ್ರಾವಣಗಳ ಅನಂತರವೂ ಅದೇ ಸಿಡುಕು ಅದೇ ಸ್ಥಳದಲ್ಲಿ ಇದ್ದರೆ, ಅದು ಹೊಸದಾಗಿ ಅಂಟಿದ್ದೋ, ಎಂದೂ ಕೆರೆಯದೆ ಉಳಿದ ಹಳೆಯ ಬುಡವೋ ಎಂದು ನೋಡಬೇಕು. ಹೊಸದಾದರೆ ಚಿಂತೆಯಿಲ್ಲ; ಅದು ಬದುಕಿದ್ದಕ್ಕೆ ತೆತ್ತ ಸುಂಕ. ಹಳೆಯದಾದರೆ, ಪ್ರವಚನ ಕೇಳಿದಾಗ ಮನಸ್ಸು ತೊಳೆದಂತಾಯಿತೆಂಬ ಆ ಹಿತವೇ ಬಣ್ಣವಾಗಿ ಅದನ್ನು ಮುಚ್ಚಿದೆಯೇನೋ! ಪ್ರವಚನ ಹೇಳುವವರಿಗೂ ಈ ಮಾತು ಸಲ್ಲುತ್ತದೆ. ನಮಗೆ ಹೇಗೆ ಸಂದಿತೆಂಬುದನ್ನು ಮೇಲೆ ಹೇಳಿದ್ದೇವೆ. ನೋಡಬೇಕಾದರೆ ದೋಣಿಯನ್ನು ದಡಕ್ಕೆ ಎಳೆಯಲೇಬೇಕು. ಒಬ್ಬನೇ ಎಳೆಯಲಾರನು, ಹಗ್ಗಕ್ಕೆ ಕೈ ಕೊಡುವವರು ಬೇಕು. ತನ್ನ ತಳವನ್ನು ದೋಣಿ ತಾನೇ ನೋಡಿಕೊಳ್ಳಲಾರದು. ಕೆಳಗೆ ನಿಂತು ನೋಡಿ ಹೇಳುವವರು ಬೇಕು. ನಮಗೆ ಹೇಳಿದ್ದು ಗುರುವಲ್ಲ, ಗ್ರಂಥವಲ್ಲ. ಒಂದು ವರ್ಷದ ಓದನ್ನು ಕಳೆದುಕೊಂಡ ಹುಡುಗಿ.

ಹನ್ನೆರಡನೆಯ ಶತಮಾನದ ಶರಣರ ನಡುವೆ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡಿದ್ದ ಅಂಬಿಗರ ಚೌಡಯ್ಯನಿದ್ದನು. ಹಾವೇರಿ ಜಿಲ್ಲೆಯ ಚೌಡದಾನಪುರ ಅವನ ಹೆಸರನ್ನು ಇಂದಿಗೂ ತುಂಗಭದ್ರೆಯ ದಡದಲ್ಲಿ ಉಳಿಸಿಕೊಂಡಿದೆ. ಶರಣರಲ್ಲಿ ಅವನಷ್ಟು ನಿಷ್ಠುರವಾಗಿ ನುಡಿದವರು ಕಡಮೆ. ನದಿಯ ಸಿಹಿನೀರಿನಲ್ಲಿ ಕಡಲಿನ ಚಿಪ್ಪುಗಳಿಲ್ಲ, ನಿಜ. ಆದರೆ ನೀರನ್ನೇ ನಂಬಿ ಬದುಕುವ ಅಂಬಿಗನು ತಳವನ್ನು ನೋಡದೆ ಒಂದು ದಿನವೂ ಜನರನ್ನು ಹತ್ತಿಸಿಕೊಳ್ಳಲಾರನು. ಅವನ ಮಾತಿನ ಒರಟುತನವನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ತಳ ಕೆರೆಯುವ ಉಳಿಯ ಶಬ್ದವನ್ನು ಕೇಳಿದ ಮೇಲೆ ಆ ಒರಟುತನ ಎಲ್ಲಿಯದೆಂದು ನಮಗೆ ಅರ್ಥವಾದಂತಾಯಿತು.

ಜುಲೈ ಮುಗಿದು ನಿಷೇಧ ತೆರವಾಗುತ್ತದೆ. ಶ್ರಾವಣದ ನೂಲಹುಣ್ಣಿಮೆಯ ಹೊತ್ತಿಗೆ ಕರಾವಳಿಯ ಮೊಗವೀರ ಬಂಧುಗಳು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುತ್ತಾರೆ. ಕೆಂಪು ತಳದ ದೋಣಿಗಳು ನೀರಿಗಿಳಿಯುತ್ತವೆ. ಇಳಿದ ಮೇಲೆ ಆ ಕೆಂಪು ಯಾರಿಗೂ ಕಾಣುವುದಿಲ್ಲ. ಎರಡು ತಿಂಗಳ ಬೆವರೆಲ್ಲ ನೀರಿನ ಕೆಳಗೆ ಹೋಗುತ್ತದೆ. ದೋಣಿ ಹಗುರಾಗಿ ಸಾಗುವುದು ಮಾತ್ರ ಕಾಣುತ್ತದೆ. ಹನುಮಂತನಗರದ ಆ ಹಿರಿಯರು ಈ ವರ್ಷವೂ ಪ್ರವಚನಕ್ಕೆ ಬರಲಿ. ಆದರೆ ಬರುವ ಮೊದಲು, ಯಾರ ಎದುರಿನಲ್ಲಿ ಯಾರನ್ನು ನೋಯಿಸಿದ್ದೇವೆ ಎಂಬ ಒಂದೇ ಪ್ರಶ್ನೆಯನ್ನು ಮನೆಯಲ್ಲಿ ಕುಳಿತು ಕೇಳಿಕೊಳ್ಳಲಿ. ನಾವೂ ಕೇಳಿಕೊಂಡೇ ಪೀಠವನ್ನು ಏರುತ್ತೇವೆ. ತಳವಿನ್ನೂ ಒದ್ದೆಯಾಗಿರುವಾಗಲೇ ಕೆಲಸ ಆರಂಭವಾಗಲಿ.